ನೂರರವರೆಗೆ ಒಪ್ಪಿಸುವ ಮಗುವಿಗೆ ಆರು ಹೆಚ್ಚೋ ಎಂಟು ಹೆಚ್ಚೋ ತಿಳಿಯದಿದ್ದರೆ ಎಲ್ಲಿಂದ ಆರಂಭಿಸಬೇಕು?

ನಲಿಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಚಟುವಟಿಕೆ ಆಧಾರಿತ ನಲಿಕಲಿ ಪದ್ಧತಿಯಂತೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುತ್ತೇನೆ. ಒಂದನೇ ತರಗತಿಗೆ ಸೇರಿದ ಕೆಲವು ಮಕ್ಕಳು ಮನೆಯಲ್ಲೋ ಎಲ್‌ಕೆಜಿಯಲ್ಲೋ ಕಲಿತು ಬಂದು ಒಂದರಿಂದ ನೂರರವರೆಗೆ ಎಲ್ಲಿಯೂ ತಡವರಿಸದೆ ಒಪ್ಪಿಸುತ್ತಾರೆ. ಪೋಷಕರಿಗೂ ಅದರ ಬಗ್ಗೆ ಬಹಳ ಹೆಮ್ಮೆ. ಆದರೆ ಅಂತಹ ಒಂದು ಮಗುವಿನ ಮುಂದೆ ಎಂಟು ಹುಣಸೆ ಬೀಜಗಳನ್ನಿಟ್ಟು ಎಣಿಸಲು ಹೇಳಿದರೆ ಬಾಯಿ ಒಂದು ವೇಗದಲ್ಲಿ, ಬೆರಳು ಇನ್ನೊಂದು ವೇಗದಲ್ಲಿ ಓಡುತ್ತದೆ. ಹೇಗೋ ‘ಎಂಟು’ ಎಂದು ಮುಗಿಸಿದ ಮೇಲೆ ‘ಹಾಗಾದರೆ ಒಟ್ಟು ಎಷ್ಟಿವೆ?’ ಎಂದು ಕೇಳಿದರೆ, ಮಗು ಉತ್ತರ ಹೇಳುವ ಬದಲು ಮತ್ತೆ ‘ಒಂದು, ಎರಡು’ ಎಂದು ಮೊದಲಿನಿಂದ ಎಣಿಸತೊಡಗುತ್ತದೆ.

ಹೋಲಿಕೆಯಂತೂ ಇನ್ನೂ ಕಷ್ಟ. ಆರು ಬಾಟಲಿ ಮುಚ್ಚಳಗಳನ್ನು ದೂರದೂರ ಇಟ್ಟು, ಅದರ ಕೆಳಗೆ ಎಂಟನ್ನು ಒತ್ತೊತ್ತಾಗಿ ಇಟ್ಟರೆ ಹೆಚ್ಚಿನ ಮಕ್ಕಳು ಆರರ ಸಾಲನ್ನೇ ‘ಜಾಸ್ತಿ’ ಎಂದು ತೋರಿಸುತ್ತಾರೆ. 6 ಮತ್ತು 8 ಎಂದು ಬರೆದ ಕಾರ್ಡುಗಳನ್ನು ಹಿಡಿದರೆ ಕಾರ್ಡು ನೋಡುವುದಕ್ಕಿಂತ ಹೆಚ್ಚಾಗಿ ನನ್ನ ಮುಖ ನೋಡುತ್ತಾರೆ. ನಲಿಕಲಿಯ ಕಲಿಕಾ ಏಣಿಯಲ್ಲಿ, ಅಂದರೆ ಮಗು ಒಂದೊಂದಾಗಿ ಏರಬೇಕಾದ ಕಲಿಕೆಯ ಹಂತಗಳ ಪಟ್ಟಿಯಲ್ಲಿ, ಮುಂದಿನ ಮೆಟ್ಟಿಲುಗಳು ಕಾಯುತ್ತಿವೆ, ಆದರೆ ಈ ಸ್ಥಿತಿಯಲ್ಲಿ ಅವರನ್ನು ಮುಂದಕ್ಕೆ ಒಯ್ಯಲು ಮನಸ್ಸು ಒಪ್ಪುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಶಿಕ್ಷಕರ ತರಬೇತುದಾರ, ಮೈಸೂರು

ನೀವು ಗಮನಿಸಿರುವುದು ಬಹಳ ಮುಖ್ಯವಾದ ವಿಷಯ. ಸಂಖ್ಯೆಗಳ ಹೆಸರನ್ನು ಕ್ರಮವಾಗಿ ಹೇಳುವುದು, ವಸ್ತುಗಳನ್ನು ಎಣಿಸುವುದು, ಎಣಿಸಿದ್ದನ್ನು ಒಂದು ಪ್ರಮಾಣವೆಂದು ಗ್ರಹಿಸುವುದು, ಎರಡು ಪ್ರಮಾಣಗಳನ್ನು ಹೋಲಿಸುವುದು, ಇವು ಬೇರೆ ಬೇರೆ ಸಾಮರ್ಥ್ಯಗಳು. ಹೊರಗಿನಿಂದ ನೋಡುವವರಿಗೆ ಎಲ್ಲವೂ ‘ಮಗುವಿಗೆ ಅಂಕಿ ಬರುತ್ತದೆ’ ಎಂಬ ಒಂದೇ ಮಾತಿನಲ್ಲಿ ಅಡಗಿಹೋಗುತ್ತವೆ.

ಮನೋವಿಜ್ಞಾನಿಗಳಾದ ರಾಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅವರು 1978ರಲ್ಲಿ ಎಣಿಕೆಯ ಹಿಂದೆ ಐದು ತತ್ವಗಳಿವೆ ಎಂದು ವಿವರಿಸಿದರು. ಪ್ರತಿ ವಸ್ತುವಿಗೆ ಒಂದೇ ಒಂದು ಹೆಸರು ಸಲ್ಲಬೇಕು; ಹೆಸರುಗಳ ಕ್ರಮ ಪ್ರತಿ ಸಲವೂ ಅದೇ ಇರಬೇಕು; ಕೊನೆಗೆ ಹೇಳಿದ ಹೆಸರು ಇಡೀ ಗುಂಪಿನ ಪ್ರಮಾಣವನ್ನು ಸೂಚಿಸುತ್ತದೆ; ಯಾವ ವಸ್ತುಗಳನ್ನಾದರೂ ಎಣಿಸಬಹುದು; ಯಾವ ವಸ್ತುವಿನಿಂದ ಎಣಿಸತೊಡಗಿದರೂ ಮೊತ್ತ ಬದಲಾಗುವುದಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಎರಡನೆಯದು ಚೆನ್ನಾಗಿ ಬಂದಿದೆ, ಮೊದಲನೆಯದು ಅಲುಗಾಡುತ್ತಿದೆ, ಮೂರನೆಯದು ಇನ್ನೂ ಬಂದಿಲ್ಲ. ‘ಎಂಟು’ ಎಂಬುದು ಅವರಿಗೆ ಕೊನೆಯ ಬೀಜದ ಹೆಸರೇ ಹೊರತು ಇಡೀ ರಾಶಿಯ ಅಳತೆಯಲ್ಲ. ಹೀಗಿರುವಾಗ ಎಂಟು ಆರಕ್ಕಿಂತ ಹೆಚ್ಚು ಎಂಬ ಮಾತಿಗೆ ಅವರ ಮನಸ್ಸಿನಲ್ಲಿ ಅರ್ಥ ಹುಟ್ಟುವುದಾದರೂ ಹೇಗೆ?

ಇದನ್ನು ಪರೀಕ್ಷಿಸಲು ಒಂದು ಸರಳ ಕೆಲಸವಿದೆ. ಬೀಜಗಳ ರಾಶಿಯನ್ನು ಮಗುವಿನ ಮುಂದಿಟ್ಟು ‘ನನಗೆ ಎರಡು ಕೊಡು’, ‘ನಾಲ್ಕು ಕೊಡು’, ‘ಐದು ಕೊಡು’ ಎಂದು ಕೇಳಿ. ಕೊನೆಯ ಹೆಸರಿನ ಅರ್ಥ ತಿಳಿಯದ ಮಗು ಎರಡನ್ನೋ ಮೂರನ್ನೋ ಸರಿಯಾಗಿ ಕೊಟ್ಟು, ಐದು ಕೇಳಿದ ಕೂಡಲೇ ಒಂದು ಹಿಡಿ ಬಾಚಿ ಕೊಡುತ್ತದೆ. ಕರೆನ್ ವಿನ್ ಎಂಬ ಮನೋವಿಜ್ಞಾನಿ 1990ರ ದಶಕದ ಆರಂಭದಲ್ಲಿ ಇದೇ ವಿಧಾನದಿಂದ ಮಕ್ಕಳನ್ನು ಅಧ್ಯಯನ ಮಾಡಿದರು. ಮಕ್ಕಳು ಒಂದು, ಎರಡು, ಮೂರರ ಅರ್ಥವನ್ನು ಒಂದೊಂದಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ಕಲಿತು, ಆಮೇಲೆ ಎಣಿಕೆಯ ಸೂತ್ರವನ್ನು ಒಟ್ಟಾರೆಯಾಗಿ ಹಿಡಿಯುತ್ತಾರೆ ಎಂಬುದು ಅಲ್ಲಿ ಕಂಡುಬಂತು. ಯಾವ ಮಗು ಎಲ್ಲಿ ನಿಂತಿದೆ ಎಂಬುದು ಈ ಒಂದು ಕೆಲಸದಿಂದಲೇ ನಿಮಗೆ ಗೊತ್ತಾಗುತ್ತದೆ.

ಮುಚ್ಚಳಗಳ ಸಾಲಿನ ವಿಷಯ ಮನೋವಿಜ್ಞಾನಿ ಜೀನ್ ಪಿಯಾಜೆ ಅವರ ಪ್ರಸಿದ್ಧ ಪ್ರಯೋಗವನ್ನು ನೆನಪಿಸುತ್ತದೆ. ಅಲ್ಲಿ ಸಮಸಂಖ್ಯೆಯ ಎರಡು ಸಾಲುಗಳನ್ನು ತೋರಿಸಿ, ಮಗುವಿನ ಮುಂದೆಯೇ ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಿದಾಗ ಚಿಕ್ಕ ಮಕ್ಕಳು ಉದ್ದನೆಯ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತಿದ್ದರು. ಆದರೆ ಒಂದು ಎಚ್ಚರಿಕೆ ಬೇಕು. 1974ರಲ್ಲಿ ಮೆಕ್‌ಗಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬ ಸಂಶೋಧಕರು ದೊಡ್ಡವರ ಬದಲು ಒಂದು ತುಂಟ ಗೊಂಬೆ ಸಾಲನ್ನು ಕೆಡಿಸಿದಂತೆ ಮಾಡಿದಾಗ ಹೆಚ್ಚು ಮಕ್ಕಳು ಸರಿಯಾದ ಉತ್ತರ ಕೊಟ್ಟರು. ಶಿಕ್ಷಕರು ಸಾಲನ್ನು ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಮೊದಲ ಉತ್ತರ ತಪ್ಪಿರಬೇಕು ಎಂದು ಮಗು ಭಾವಿಸಬಹುದು. ನಿಮ್ಮ ಮಕ್ಕಳು ನಿಮ್ಮ ಮುಖ ನೋಡುವುದಕ್ಕೂ ಇದೇ ಕಾರಣವಿರಬಹುದು.

ನನ್ನ ಸಲಹೆಯೆಂದರೆ, ಅಂಕಿಯ ಕಾರ್ಡುಗಳನ್ನು ಕೆಲವು ದಿನ ಬದಿಗಿಟ್ಟು ಜೋಡಿಸಿ ನೋಡುವುದರಿಂದ ಆರಂಭಿಸಿ. ಒಂದು ಮುಚ್ಚಳಕ್ಕೆ ಒಂದು ಬೀಜ ಇಡುತ್ತಾ ಹೋದರೆ ಕೊನೆಗೆ ಯಾವುದು ಉಳಿಯಿತೋ ಅದು ಹೆಚ್ಚು. ಎಣಿಕೆ ಬಾರದ ಮಗುವೂ ಈ ನಿರ್ಣಯಕ್ಕೆ ತಾನೇ ಬರಬಲ್ಲದು. ನಿರ್ಣಯ ಮಗುವಿನದಾದ ಮೇಲೆ ‘ಇವು ಎಷ್ಟಿದ್ದವು, ಅವು ಎಷ್ಟಿದ್ದವು’ ಎಂದು ಎಣಿಸಲು ಹೇಳಿ.

ನಿವೃತ್ತ ಮುಖ್ಯೋಪಾಧ್ಯಾಯ, ಧಾರವಾಡ

ತರಬೇತುದಾರರ ಮಾತನ್ನು ಗೌರವದಿಂದ ಒಪ್ಪುತ್ತೇನೆ, ಆದರೂ ಬಾಯಿಪಾಠವನ್ನು ಇಷ್ಟು ಹಗುರವಾಗಿ ಬದಿಗೆ ಸರಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಹೆಸರುಗಳ ಕ್ರಮ ನಾಲಿಗೆಯ ಮೇಲೆ ಗಟ್ಟಿಯಾಗಿ ನಿಲ್ಲದ ಮಗುವಿಗೆ ಹದಿನೇಳು ಬೀಜ ಎಣಿಸುವಾಗ ಮುಂದಿನ ಹೆಸರನ್ನು ಹುಡುಕುವುದರಲ್ಲೇ ಗಮನವೆಲ್ಲ ಖರ್ಚಾಗಿ, ಬೆರಳು ಯಾವ ಬೀಜದ ಮೇಲಿತ್ತು ಎಂಬುದೇ ಮರೆತುಹೋಗುತ್ತದೆ.

ನಮ್ಮ ಸಂಖ್ಯಾಪದಗಳಲ್ಲಿ ಮಕ್ಕಳು ಎಡವುವ ಜಾಗಗಳು ನಿರ್ದಿಷ್ಟವಾಗಿವೆ. ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಕಿವಿಗೆ ಒಂದೇ ಬಗೆಯಾಗಿ ಕೇಳಿಸುವುದರಿಂದ ಅರವತ್ತೊಂಬತ್ತರ ನಂತರ ಮಗು ಮತ್ತೆ ಇಪ್ಪತ್ತಕ್ಕೆ ಜಾರಿ ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಮುಂದುವರಿಯುವುದನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಒಂಬತ್ತು, ಹತ್ತೊಂಬತ್ತು, ಎಂಬತ್ತು, ತೊಂಬತ್ತು ಇವುಗಳ ಗೋಜಲೂ ಹಾಗೆಯೇ. ಆದರೆ ಇಪ್ಪತ್ತು ದಾಟಿದ ಮೇಲೆ ಕನ್ನಡದಲ್ಲಿ ಹತ್ತುಗಳ ಹೆಸರಿಗೆ ಒಂದರಿಂದ ಒಂಬತ್ತನ್ನು ಕೂಡಿಸಿಕೊಂಡು ಹೋದರೆ ಸಾಕು; ಇಪ್ಪತ್ತೊಂಬತ್ತು, ಮೂವತ್ತೊಂಬತ್ತು ಎಲ್ಲವೂ ಅದೇ ನಿಯಮದಂತೆ ನಡೆಯುತ್ತವೆ. ಹಿಂದಿಯಲ್ಲಿ ಎಣಿಸಲು ಕಲಿಯುವ ಮಗು ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿಯೇ ನೆನಪಿಡಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಭಾಷೆಯೇ ಕೊಟ್ಟಿರುವ ಈ ಅನುಕೂಲವನ್ನು ನಾವು ಬಳಸಿಕೊಳ್ಳಬೇಕು.

ಬಾಯಿಪಾಠ ಯಾವಾಗಲೂ ಒಂದರಿಂದಲೇ ಆರಂಭವಾಗಬಾರದು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಆರರಿಂದ ಹೇಳಿಸಿ, ಹದಿಮೂರರಿಂದ ಹೇಳಿಸಿ, ಹತ್ತರಿಂದ ಹಿಂದಕ್ಕೆ ಹೇಳಿಸಿ. ಎಂಟರ ಹಿಂದೆ ಏಳು, ಏಳರ ಹಿಂದೆ ಆರು ಎಂದು ಹಿಂದಕ್ಕೆ ನಡೆಯಬಲ್ಲ ಮಗುವಿಗೆ ಯಾವುದು ಮುಂದಿದೆ ಎಂಬ ತಿಳಿವು ತಾನಾಗಿಯೇ ಬರತೊಡಗುತ್ತದೆ.

ಅಂಗನವಾಡಿ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ

ನಮ್ಮಲ್ಲಿ ಮೂರರಿಂದ ಆರು ವರ್ಷದೊಳಗಿನ ಮಕ್ಕಳಿರುತ್ತಾರೆ. ಅಂಗನವಾಡಿಯ ‘ಚಿಲಿಪಿಲಿ’ ಪಠ್ಯದ ಚಟುವಟಿಕೆಗಳಲ್ಲಿ ಹೆಚ್ಚು–ಕಡಿಮೆ, ದೊಡ್ಡದು–ಚಿಕ್ಕದು, ಉದ್ದ–ಗಿಡ್ಡ ಎಂಬವು ಅಂಕಿಗಳಿಗಿಂತ ಮೊದಲೇ ಬರುತ್ತವೆ, ಮತ್ತು ಹಾಗೆ ಬರುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ನಮ್ಮ ದೊಡ್ಡ ತೊಂದರೆ ಪೋಷಕರ ಒತ್ತಡ. ಪಕ್ಕದ ಕಾನ್ವೆಂಟಿನ ಮಗು ಪಾಟಿಯ ತುಂಬ ಅಂಕಿ ಬರೆಯುತ್ತದೆ, ನಿಮ್ಮಲ್ಲಿ ಬರೀ ಕಲ್ಲು–ಬೀಜ ಆಡಿಸುತ್ತೀರಿ ಎಂದು ಮಗುವನ್ನು ಬಿಡಿಸಿಕೊಂಡು ಹೋದವರೂ ಇದ್ದಾರೆ.

ನಾನು ಈಗ ಪೋಷಕರ ಸಭೆಯಲ್ಲಿ ಅವರ ಮುಂದೆಯೇ ಮಕ್ಕಳಿಗೆ ಊಟದ ತಟ್ಟೆ ಹಂಚಲು ಹೇಳುತ್ತೇನೆ. ‘ಎಲ್ಲರಿಗೂ ಸಾಲುವಷ್ಟು ತಟ್ಟೆ ತಾ’ ಎಂದರೆ, ಕೂತವರನ್ನು ನೋಡಿ, ಎಣಿಸಿಕೊಂಡು, ಅಷ್ಟೇ ತಟ್ಟೆಗಳನ್ನು ಒಂದೇ ಸಲಕ್ಕೆ ತರುವ ಮಗು ಒಂದು ಕಡೆ. ಒಂದೊಂದೇ ತಟ್ಟೆಗಾಗಿ ಓಡಾಡುವ ಮಗು ಇನ್ನೊಂದು ಕಡೆ. ಈ ವ್ಯತ್ಯಾಸವನ್ನು ಕಣ್ಣಾರೆ ಕಂಡ ಮೇಲೆ ಕೆಲವು ತಾಯಂದಿರು ಮನೆಯಲ್ಲಿಯೂ ರೊಟ್ಟಿ ಹಾಕುವಾಗ ಮಕ್ಕಳನ್ನು ಕರೆಯತೊಡಗಿದ್ದಾರೆ.

ಅಜ್ಜಿ, ಪುತ್ತೂರು

ಚೆನ್ನೆಮಣೆಯನ್ನು ಯಾರೂ ನೆನೆಯಲಿಲ್ಲವೆಂದು ಬರೆಯುತ್ತಿದ್ದೇನೆ. ಬಯಲುಸೀಮೆಯವರು ಅಳಗುಳಿಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳು ಗುಳಿ, ನಮ್ಮ ಕಡೆ ಸಾಮಾನ್ಯವಾಗಿ ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ ಹಾಕಿ ಆಟ ಆರಂಭಿಸುತ್ತೇವೆ. ಕೈಯಲ್ಲಿದ್ದ ಕಾಯಿಗಳನ್ನು ಒಂದು ಗುಳಿಗೆ ಒಂದರಂತೆ ಬಿತ್ತುತ್ತಾ ಹೋಗುವಾಗ, ಎರಡು ಕಾಯಿ ಒಂದೇ ಗುಳಿಗೆ ಬಿದ್ದರೆ ಎದುರಾಳಿ ಸುಮ್ಮನಿರುವುದಿಲ್ಲ. ಒಂದು ವಸ್ತುವಿಗೆ ಒಂದು ಎಂಬ ಪಾಠವನ್ನು ಇಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಮೊಮ್ಮಗಳು ಆಡುತ್ತಾ ಆಡುತ್ತಾ ಗುಳಿಯನ್ನು ಮುಟ್ಟಿ ಎಣಿಸುವುದನ್ನು ಬಿಟ್ಟು, ಬಗ್ಗಿ ನೋಡಿದ ಕೂಡಲೇ ‘ಇಲ್ಲಿ ಮೂರು, ಅಲ್ಲಿ ನಾಲ್ಕು’ ಎನ್ನತೊಡಗಿದಳು. ಆಟ ಮುಗಿದಾಗ ಗೆದ್ದ ಕಾಯಿಗಳನ್ನು ಇಬ್ಬರೂ ಎದುರುಬದುರಾಗಿ ಜೋಡಿಸಿ ಯಾರಿಗೆ ಹೆಚ್ಚು ಎಂದು ನೋಡುತ್ತೇವೆ. ತರಬೇತುದಾರರು ಹೇಳಿದ ಜೋಡಣೆ ಇದೇ ಅಲ್ಲವೇ?

ಶಿಕ್ಷಕರ ತರಬೇತುದಾರ, ಮೈಸೂರು

ಹೌದಮ್ಮ, ಅದೇ. ಮೂರು–ನಾಲ್ಕು ವಸ್ತುಗಳವರೆಗೆ ಎಣಿಸದೆಯೇ ಒಂದೇ ನೋಟದಲ್ಲಿ ಪ್ರಮಾಣವನ್ನು ಗುರುತಿಸುವ ಶಕ್ತಿ ಚಿಕ್ಕ ಮಕ್ಕಳಲ್ಲೂ ಇದೆ. ಚೆನ್ನೆಮಣೆ ಅದನ್ನು ಸಂಖ್ಯೆಯ ಹೆಸರಿನೊಂದಿಗೆ ಬೆಸೆಯುತ್ತದೆ.

ಆಟಗಳ ಬಗ್ಗೆ ಇನ್ನೊಂದು ವಿಷಯ ಸೇರಿಸುತ್ತೇನೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳು 1ರಿಂದ 10ರವರೆಗೆ ಅಂಕಿ ಬರೆದ ನೇರ ಪಟ್ಟಿಯ ಮೇಲೆ ಕಾಯಿ ನಡೆಸುವ ಆಟವನ್ನು ಎರಡು ವಾರಗಳೊಳಗೆ ನಾಲ್ಕು ಸಲ ಆಡಿದ್ದರಿಂದಲೇ ಎಣಿಕೆಯಲ್ಲಿ, ಅಂಕಿ ಗುರುತಿಸುವುದರಲ್ಲಿ ಮತ್ತು ಸಂಖ್ಯೆಗಳ ಹೋಲಿಕೆಯಲ್ಲಿ ಮುಂದುವರಿದರು. ಅಂಕಿಗಳ ಬದಲು ಬಣ್ಣಗಳಿದ್ದ ಪಟ್ಟಿಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಮೂರರ ಮನೆಯಲ್ಲಿದ್ದು ಎರಡು ಬಿದ್ದರೆ ಮಗು ‘ಒಂದು, ಎರಡು’ ಎನ್ನದೆ ‘ನಾಲ್ಕು, ಐದು’ ಎಂದು ಮನೆಯ ಹೆಸರನ್ನೇ ಹೇಳುತ್ತಾ ನಡೆಯಬೇಕು. ಈ ಒಂದು ಅಂಶದ ಮೇಲೆ ಬಹಳಷ್ಟು ನಿಂತಿದೆ ಎಂದು ನಂತರದ ಸಂಶೋಧನೆ ತೋರಿಸಿತು. ಹಾವು–ಏಣಿ ಪಟದಲ್ಲಿ ಸಾಲುಗಳು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಓಡುವುದರಿಂದ ಆರಂಭದ ಮಕ್ಕಳಿಗೆ ಅದು ಸೂಕ್ತವಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತು ಮನೆಗಳ ನೇರ ಪಟ್ಟಿ ಎಳೆದು, ಚೌಕಾಬಾರದ ಕವಡೆಗಳಲ್ಲಿ ಎರಡನ್ನು ಮಾತ್ರ ತೆಗೆದುಕೊಂಡು ಉರುಳಿಸಿದರೆ ಸಾಕು.

ಪೋಷಕ, ಬೆಂಗಳೂರು

ನನ್ನ ಮಗ ಎರಡನೇ ತರಗತಿ. ವಸ್ತುಗಳಲ್ಲಿ ಯಾವುದು ಹೆಚ್ಚು ಎಂದು ತಪ್ಪಿಲ್ಲದೆ ಹೇಳುತ್ತಾನೆ, ಬಾಯಲ್ಲಿ ‘ಐದಕ್ಕಿಂತ ಏಳು ದೊಡ್ಡದು’ ಎಂದೂ ಸರಿಯಾಗಿಯೇ ಹೇಳುತ್ತಾನೆ. ಆದರೆ ಪುಸ್ತಕದಲ್ಲಿ 5 > 7 ಎಂದು ಬರೆಯುತ್ತಾನೆ. ಮೊಸಳೆ ದೊಡ್ಡ ಸಂಖ್ಯೆಯನ್ನು ತಿನ್ನಲು ಬಾಯಿ ತೆರೆಯುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಆ ಕಥೆಯನ್ನೂ ಚೆನ್ನಾಗಿ ಹೇಳುತ್ತಾನೆ. ಎಲ್ಲಿ ತಪ್ಪುತ್ತಿದೆ ಎಂದು ನನಗೆ ಅರ್ಥವಾಗುತ್ತಿಲ್ಲ.

ಶಿಕ್ಷಕರ ತರಬೇತುದಾರ, ಮೈಸೂರು

ನಿಮ್ಮ ಮಗನ ಆಲೋಚನೆ ಸರಿಯಾಗಿಯೇ ಇದೆ. ಅವನು ಹೇಳಿದ ವಾಕ್ಯವನ್ನೇ ಇನ್ನೊಮ್ಮೆ ನೋಡಿ. ಕನ್ನಡದಲ್ಲಿ ನಾವು ಸಹಜವಾಗಿ ಮಾತನಾಡುವಾಗ ಯಾವುದಕ್ಕೆ ಹೋಲಿಸುತ್ತೇವೋ ಅದು ಮೊದಲು ಬರುತ್ತದೆ: ‘ಐದಕ್ಕಿಂತ ಏಳು ದೊಡ್ಡದು’. ಗಣಿತದ ಬರವಣಿಗೆಯಲ್ಲಿ 7 > 5 ಎಂಬಲ್ಲಿ ಏಳು ಮೊದಲು ಬರುತ್ತದೆ. ಮಗು ತಾನು ಹೇಳಿದ ಕ್ರಮದಲ್ಲೇ 5 ಬರೆದು, ‘ದೊಡ್ಡದು’ ಎಂದು ಕಲಿತ ಚಿಹ್ನೆಯನ್ನು ಹಾಕಿ, 7 ಬರೆದರೆ ನೀವು ಕಂಡ ತಪ್ಪೇ ಬರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಲ್ಲಿ ಇದನ್ನು ನಾನು ಪದೇ ಪದೇ ನೋಡಿದ್ದೇನೆ, ಮತ್ತು ಇದಕ್ಕಾಗಿ ಮಗುವಿಗೆ ‘ಹೋಲಿಕೆ ಬರುವುದಿಲ್ಲ’ ಎಂಬ ಹಣೆಪಟ್ಟಿ ಹಚ್ಚುವುದನ್ನು ಕಂಡಾಗ ನಿಜವಾಗಿಯೂ ನೋವಾಗುತ್ತದೆ.

ಮೊಸಳೆಯ ಕಥೆ ಚಿಹ್ನೆಯ ಬಾಯಿ ಯಾವ ಕಡೆಗಿರಬೇಕು ಎಂಬುದನ್ನು ನೆನಪಿಸುತ್ತದೆ, ಆದರೆ ಬರೆದದ್ದನ್ನು ವಾಕ್ಯವಾಗಿ ಓದಲು ಕಲಿಸುವುದಿಲ್ಲ. ಮೊದಲು ಎರಡೂ ಸಂಖ್ಯೆಗಳನ್ನು ನಡುವೆ ಜಾಗ ಬಿಟ್ಟು ಬರೆಯಲಿ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅಷ್ಟೇ ಘನಗಳ ಗೋಪುರ ನಿಲ್ಲಿಸಲಿ. ಎರಡು ಗೋಪುರಗಳ ತುದಿಗಳನ್ನು ಒಂದು ಕಡ್ಡಿಯಿಂದಲೂ ಬುಡಗಳನ್ನು ಇನ್ನೊಂದು ಕಡ್ಡಿಯಿಂದಲೂ ಸೇರಿಸಿದರೆ, ಎತ್ತರದ ಗೋಪುರದ ಕಡೆ ಕಡ್ಡಿಗಳು ಅಗಲವಾಗಿಯೂ ಗಿಡ್ಡ ಗೋಪುರದ ಕಡೆ ಹತ್ತಿರವಾಗಿಯೂ ಇರುತ್ತವೆ. ಚಿಹ್ನೆಯ ಆಕಾರ ಅಲ್ಲೇ ಕಾಣುತ್ತದೆ. ಆಮೇಲೆ ಎಡದಿಂದ ಬೆರಳಿಟ್ಟು ‘ಏಳು’ ಎಂದು ಸ್ವಲ್ಪ ನಿಲ್ಲಿಸಿ, ‘ಐದಕ್ಕಿಂತ ದೊಡ್ಡದು’ ಎಂದು ಓದಿಸಿ. ಅದೇ ಜೋಡಿಯನ್ನು ತಿರುಗಿಸಿ 5 < 7 ಎಂದು ಬರೆಸಿ, ‘ಐದು, ಏಳಕ್ಕಿಂತ ಚಿಕ್ಕದು’ ಎಂದೂ ಓದಿಸಬೇಕು. ನಮ್ಮಲ್ಲಿ ‘ಹೆಚ್ಚು’, ‘ದೊಡ್ಡದು’ ಎಂಬ ಪ್ರಶ್ನೆಗಳೇ ಜಾಸ್ತಿ. ‘ಕಡಿಮೆ’, ‘ಚಿಕ್ಕದು’ ಎಂದು ಕೇಳುವುದು ಅಪರೂಪ.

ಕನ್ನಡತಿ, ಟೊರಾಂಟೊ

ನನ್ನ ಮಗಳು ಶಾಲೆಯಲ್ಲಿ ಇಂಗ್ಲಿಷಿನಲ್ಲಿ, ಮನೆಯಲ್ಲಿ ಕನ್ನಡದಲ್ಲಿ ಎಣಿಸುತ್ತಾಳೆ. ‘ಫೋರ್ಟೀನ್’ ಎಂದರೆ ಅವಳು 41 ಎಂದು ಬರೆಯುತ್ತಿದ್ದಳು, ಏಕೆಂದರೆ ಅಲ್ಲಿ ನಾಲ್ಕು ಮೊದಲು ಕೇಳಿಸುತ್ತದೆ. ‘ಹದಿನಾಲ್ಕು’ ಎಂದಾಗ ಹತ್ತು ಮೊದಲು, ನಾಲ್ಕು ಆಮೇಲೆ. ಬರೆಯುವುದೂ ಅದೇ ಕ್ರಮದಲ್ಲಿ. ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು ಬರೆಯುವ ಅಭ್ಯಾಸ ಮಾಡಿಸಿದ ಮೇಲೆ ಆ ಗೊಂದಲ ಬಹುಪಾಲು ಹೋಯಿತು. ಎರಡು ಭಾಷೆಯಲ್ಲಿ ಎಣಿಸಿದರೆ ಮಗು ತಬ್ಬಿಬ್ಬಾಗುತ್ತದೆ ಎಂದು ಹೆದರಿ ಮನೆಯಲ್ಲಿ ಕನ್ನಡದ ಎಣಿಕೆಯನ್ನು ನಿಲ್ಲಿಸಿದ ಗೆಳತಿಯರು ನನಗಿದ್ದಾರೆ. ಅವರು ಇದನ್ನು ಓದಲಿ ಎಂದು ಬರೆದೆ.

ನಲಿಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಇಷ್ಟು ಕಾಳಜಿಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಈ ನಡುವೆ ಮಾಡಿ ನೋಡಿದ್ದನ್ನು ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆ ತೆಗೆದುಕೊಳ್ಳುವವರು ಒಂದು ಸಾಲು, ಬಾಳೆಹಣ್ಣು ತೆಗೆದುಕೊಳ್ಳುವವರು ಇನ್ನೊಂದು ಸಾಲು ನಿಂತು, ಎದುರಿಗಿರುವವರ ಕೈ ಹಿಡಿಯುವಂತೆ ಹೇಳಿದೆ. ಕೈ ಹಿಡಿಯಲು ಯಾರೂ ಸಿಗದವರು ಮೊಟ್ಟೆಯ ಸಾಲಿನಲ್ಲಿ ಉಳಿದರು. ಯಾವ ಸಾಲು ಹೆಚ್ಚು ಎಂದು ನಾನು ಕೇಳುವ ಮೊದಲೇ ಮಕ್ಕಳು ಕೂಗಿ ಹೇಳಿದರು. ನನ್ನ ಮುಖ ಯಾರೂ ನೋಡಲಿಲ್ಲ. ಆದರೆ ‘ಎಷ್ಟು ಹೆಚ್ಚು?’ ಎಂದು ಕೇಳಿದಾಗ ಹಲವರು ಇಡೀ ಮೊಟ್ಟೆಯ ಸಾಲನ್ನೇ ಎಣಿಸಿ ಉತ್ತರ ಕೊಟ್ಟರು. ‘ಕೈ ಹಿಡಿಯಲು ಜೊತೆ ಸಿಗದವರು ಎಷ್ಟು ಜನ?’ ಎಂದು ಕೇಳಿದ ಕೂಡಲೇ ಅದೇ ಮಕ್ಕಳು ಸರಿಯಾಗಿ ಹೇಳಿದರು.

ಈಗ ನನ್ನ ಎದುರಿಗಿರುವ ತೊಡಕು ಎರಡಂಕಿಯ ಸಂಖ್ಯೆಗಳದ್ದು. ಮೂರನೇ ತರಗತಿಯ ಒಬ್ಬ ಹುಡುಗ 39 ಮತ್ತು 51ರಲ್ಲಿ 39 ದೊಡ್ಡದು ಎನ್ನುತ್ತಾನೆ, ‘ಅದರಲ್ಲಿ ಒಂಬತ್ತಿದೆ’ ಎಂದು ಕಾರಣವನ್ನೂ ಕೊಡುತ್ತಾನೆ.

ಶಿಕ್ಷಕರ ತರಬೇತುದಾರ, ಮೈಸೂರು

‘ಎಷ್ಟು ಹೆಚ್ಚು’ ಎಂಬ ಪ್ರಶ್ನೆಯಲ್ಲಿ ನೀವು ಕಂಡದ್ದನ್ನೇ ಹಡ್ಸನ್ ಎಂಬ ಸಂಶೋಧಕ 1983ರಲ್ಲಿ ತೋರಿಸಿದ್ದರು. ಹಕ್ಕಿಗಳ ಮತ್ತು ಹುಳುಗಳ ಚಿತ್ರ ಕೊಟ್ಟು ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?’ ಎಂದಾಗ ತಡವರಿಸಿದ ಮಕ್ಕಳೇ ‘ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ?’ ಎಂದಾಗ ಸುಲಭವಾಗಿ ಉತ್ತರಿಸಿದರು. ಎರಡೂ ಪ್ರಶ್ನೆಗಳನ್ನು ಒಂದರ ಬೆನ್ನಿಗೆ ಒಂದನ್ನು ಕೇಳುತ್ತಾ ಹೋಗಿ, ಎರಡನೆಯದು ಮೊದಲನೆಯದಕ್ಕೆ ಅರ್ಥ ತುಂಬುತ್ತದೆ.

ಎರಡಂಕಿಯ ವಿಷಯಕ್ಕೆ ರಾಯಚೂರಿನ ಶಿಕ್ಷಕರೊಬ್ಬರು ಈ ಗುಂಪಿನಲ್ಲಿದ್ದಾರೆ, ಅವರು ಮಣಿಮಾಲೆಯನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅವರೇ ಬರೆಯಲಿ.

ಶಿಕ್ಷಕ, ರಾಯಚೂರು ಜಿಲ್ಲೆ

ಆ ಹುಡುಗ ಕಾರಣ ಕೊಡುತ್ತಿದ್ದಾನೆ ಎಂಬುದೇ ಒಳ್ಳೆಯ ಲಕ್ಷಣ. ಅವನಿಗೆ 51ರಲ್ಲಿ ಐದು ಮತ್ತು ಒಂದು ಕಾಣುತ್ತಿವೆ, ಐದು ಹತ್ತುಗಳು ಕಾಣುತ್ತಿಲ್ಲ. ‘ಹತ್ತರ ಸ್ಥಾನ ಮೊದಲು ನೋಡು’ ಎಂಬ ನಿಯಮವನ್ನು ಈಗಲೇ ಹೇಳಿಬಿಟ್ಟರೆ ಉತ್ತರ ಸರಿಯಾಗುತ್ತದೆ, ತಿಳಿವಳಿಕೆ ಬಂದಿರುವುದಿಲ್ಲ.

ನೂರು ಮಣಿಗಳನ್ನು ಹತ್ತು ಕೆಂಪು, ಹತ್ತು ಬಿಳಿ ಎಂದು ಸರದಿಯಂತೆ ಪೋಣಿಸಿದ ಮಾಲೆಯನ್ನು ಗೋಡೆಯ ಉದ್ದಕ್ಕೆ ಮಕ್ಕಳ ಕೈಗೆಟಕುವಂತೆ ಕಟ್ಟಿ. 39ನ್ನು ಹುಡುಕುವಾಗ ಮೊದಮೊದಲು ಹುಡುಗ ಒಂದೊಂದೇ ಮಣಿ ಎಣಿಸುತ್ತಾನೆ, ಎಣಿಸಲಿ. ಕೆಲವು ದಿನಗಳಲ್ಲಿ ‘ಹತ್ತು, ಇಪ್ಪತ್ತು, ಮೂವತ್ತು’ ಎಂದು ಬಣ್ಣದಿಂದ ಬಣ್ಣಕ್ಕೆ ಹಾರತೊಡಗುತ್ತಾನೆ, ಇನ್ನೂ ಮುಂದೆ ಹೋದರೆ ನಲವತ್ತಕ್ಕೆ ಹಾರಿ ಒಂದು ಮಣಿ ಹಿಂದಕ್ಕೆ ಬರುತ್ತಾನೆ. ಆಗ 51 ಎಲ್ಲಿದೆ ಎಂದು ಕೇಳಿ. ನಡುವೆ ಎಷ್ಟು ಮಣಿಗಳಿವೆ ಎಂಬುದನ್ನೂ ಅವನೇ ಹೇಳುತ್ತಾನೆ. ಜೊತೆಗೆ ತೊಗರಿ ಕಡ್ಡಿಗಳನ್ನು ಹತ್ತರ ಕಟ್ಟುಗಳಾಗಿ ಮಕ್ಕಳೇ ಕಟ್ಟಬೇಕು. ಅಂಗಡಿಯಿಂದ ತಂದ ಸಿದ್ಧ ಕಟ್ಟನ್ನು ಕೆಲವು ಮಕ್ಕಳು ‘ಒಂದು’ ಎಂದೇ ಎಣಿಸುತ್ತಾರೆ, ಏಕೆಂದರೆ ಅದರೊಳಗೆ ಹತ್ತು ಇರುವುದನ್ನು ಅವರು ಎಣಿಸಿ ನೋಡಿರುವುದಿಲ್ಲ.

ಒಂದು ಚಿಕ್ಕ ಎಚ್ಚರಿಕೆ. ಮಾಲೆಗೆ ಅಂಕಿಯ ಚೀಟಿ ತೂಗುಹಾಕುವಾಗ 39ರ ಚೀಟಿಯನ್ನು ಮೂವತ್ತೊಂಬತ್ತನೆಯ ಮಣಿಯ ಮೇಲೆ ಹಾಕದೆ, ಆ ಮಣಿಗೂ ನಲವತ್ತನೆಯದಕ್ಕೂ ನಡುವಿನ ದಾರದ ಮೇಲೆ ಹಾಕಿ. ಮಣಿಯ ಮೇಲೆ ಹಾಕಿದರೆ 39 ಎಂಬುದು ಆ ಒಂದು ಮಣಿಯ ಹೆಸರಾಗಿಬಿಡುತ್ತದೆ. ನಡುವೆ ಹಾಕಿದರೆ ಅದರ ಎಡಕ್ಕಿರುವ ಮಣಿಗಳೆಲ್ಲ ಸೇರಿ ಮೂವತ್ತೊಂಬತ್ತು ಎಂದು ಕೈಯಿಂದ ಸವರಿ ತೋರಿಸಬಹುದು.